ಸುಣ್ಣದ ಮೂರು ಗುರುತು

ಅರಿಶಿನ ಬೇಯುವ ವಾಸನೆಯನ್ನು ಯಾರೂ ಸುವಾಸನೆ ಎನ್ನಲಾರರು. ಹಸಿ ಮಣ್ಣು, ಕಹಿ ಬೇರು, ಸೌದೆ ಹೊಗೆ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿದ ಹಾಗಿರುತ್ತದೆ. ಬಟ್ಟೆಗೆ ಹತ್ತಿದರೆ ಎರಡು ಒಗೆತಕ್ಕೂ ಬಿಡುವುದಿಲ್ಲ. ಈ ಸಲ ಯುಗಾದಿ ಕಳೆದು ಒಂದು ವಾರವಾಗಿತ್ತು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ತೆರಕಣಾಂಬಿ ದಾಟುತ್ತಿದ್ದಂತೆ ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಎದ್ದು ನಿಂತು, ಟಿಕೆಟ್ಟು ಗುಂಡ್ಲುಪೇಟೆಯವರೆಗೆ ಇದ್ದರೂ, ಮುಂದಿನ ಹಳ್ಳಿಯ ತಿರುವಿನಲ್ಲಿ ನಿಲ್ಲಿಸಿ ಎಂದು ಕಂಡಕ್ಟರಿಗೆ ಹೇಳಿದೆ.

ಐದು ವರ್ಷದ ಹಿಂದೆ ಒಂದು ವರ್ಷ ನಾನು ಆ ಹಳ್ಳಿಯಲ್ಲಿದ್ದೆ. ನಾನು ಸರ್ಕಾರಿ ಸರ್ವೆಯರ್. ನಮ್ಮ ಕೆಲಸದವರನ್ನು ಯಾರೂ ಖುಷಿಯಿಂದ ಕರೆಸುವುದಿಲ್ಲ. ಅಣ್ಣತಮ್ಮಂದಿರ ಮಾತು ಮುರಿದು, ಊರ ಹಿರಿಯರೂ ಕೈಚೆಲ್ಲಿದ ಮೇಲೆ ನಮ್ಮ ಸರದಿ. ಗದ್ದೆಯ ಈಚೆಯವನು ಎಳನೀರು ಕೊಟ್ಟರೆ ಆಚೆಯವನು ಅನುಮಾನದಿಂದ ನೋಡುತ್ತಾನೆ. ಹಾಗಾಗಿ ಯಾರ ಮನೆಯ ನೀರನ್ನೂ ಕುಡಿಯದೆ ನನ್ನದೇ ಬಾಟಲಿ ಹೊತ್ತು ತಿರುಗುವುದು ರೂಢಿಯಾಗಿತ್ತು. ಆ ರೂಢಿ ಕೆಲಸದ ಆಚೆಗೂ ಮೈಗೆ ಹತ್ತಿಬಿಟ್ಟಿತ್ತೆಂದು ಈಗ ಅನ್ನಿಸುತ್ತದೆ.

ಅರಸೀಕೆರೆ ಕಡೆಯವಳು ನಾನು. ಅಪ್ಪ ತೀರಿಕೊಂಡ ಮೇಲೆ ಇಬ್ಬರು ಅಣ್ಣಂದಿರು ಹಕ್ಕು ಬಿಡುಗಡೆ ಪತ್ರ ತಂದು ಮುಂದಿಟ್ಟರು. ಊರವರ ಪಾಲನ್ನು ಅಂಗುಲ ಬಿಡದೆ ಅಳೆಯುವ ನಾನು ನನ್ನ ಪಾಲನ್ನು ನಿಂತ ಕಾಲಲ್ಲೇ ಬರೆದುಕೊಟ್ಟು ಬಸ್ಸು ಹತ್ತಿದೆ. ನೆಲ ಹೋಯಿತೆಂದು ಬೇಸರವಾಗಲಿಲ್ಲ. ಆದರೆ ಸಹಿ ಬಿದ್ದ ಮೇಲೆ ಅವರ ಫೋನು ಬರುವುದು ನಿಂತಿತು. ನಮ್ಮ ನಡುವೆ ಜಗಳವೇ ಇರಲಿಲ್ಲ. ಜಗಳವಿದ್ದಿದ್ದರೆ ಬೈಯುವುದಕ್ಕಾದರೂ ಫೋನು ಬರುತ್ತಿತ್ತು. ನನಗೆ ಮದುವೆಯೂ ಆಗಿರಲಿಲ್ಲ. ಅದರ ಕತೆ ಇಲ್ಲಿ ಬೇಡ. ಟೆಲಿಸ್ಕೋಪು ಕೊಂಡದ್ದು ಆ ವರ್ಷವೇ. ಆರಂಗುಲದ ಕನ್ನಡಿಯದು, ಜೊತೆಗೆ ಒಂದು ಹಳೆಯ ಕ್ಯಾಮೆರಾ. ಗುಂಡ್ಲುಪೇಟೆ ಪೇಟೆಯೊಳಗೆ ಕೇರಳದ ಕಡೆ ಹೋಗುವ ಲಾರಿಗಳ ದೀಪ, ತರಕಾರಿ ಮಂಡಿಯ ದೀಪ ಸೇರಿ ಆಕಾಶವೇ ಬೆಳ್ಳಗಿರುತ್ತಿತ್ತು. ಕತ್ತಲೆ ಇರುವ ಹಿತ್ತಲೊಂದು ಬೇಕೆಂದು ಹುಡುಕಿಕೊಂಡು ಆ ಹಳ್ಳಿಗೆ ಬಂದೆ. ಮಹದೇವಮ್ಮನವರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು.

ಮಹದೇವಮ್ಮನಿಗೆ ಐವತ್ತು ದಾಟಿತ್ತು. ಗಂಡ ಇರಲಿಲ್ಲ, ಮಗಳನ್ನು ಕೊಳ್ಳೇಗಾಲಕ್ಕೆ ಕೊಟ್ಟಿದ್ದರು. ಒಂದೂವರೆ ಎಕರೆಯಲ್ಲಿ ಅರಿಶಿನ ಬೆಳೆಯುತ್ತಿದ್ದರು. ಪಕ್ಕದ ಮನೆ ಅವರ ಮೈದುನ ಸಿದ್ದರಾಜುವಿನದು. ಎರಡು ಹಿತ್ತಲಿನ ನಡುವಿನ ಗಡಿ ಎಲ್ಲಿ ಎಂಬ ತಕರಾರಿನಲ್ಲಿ ನಾಲ್ಕು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ. ಎಲ್ಲವೂ ಹಿಸ್ಸೆಯಾಗಿತ್ತು, ಅರಿಶಿನ ಬೇಯಿಸುವ ಕೊಪ್ಪರಿಗೆಯೊಂದನ್ನು ಬಿಟ್ಟು. ಮಾವನ ಕಾಲದ ಆ ದೊಡ್ಡ ಕಬ್ಬಿಣದ ಪಾತ್ರೆಯನ್ನು ಒಡೆದು ಹಂಚುವ ಹಾಗಿರಲಿಲ್ಲ. ಒಂದು ವಾರ ಅವರಿಗೆ, ಒಂದು ವಾರ ಇವನಿಗೆ. ಸರದಿ ಮುಗಿದವರು ಆಳುಗಳಿಂದ ಹೊರಿಸಿ ಗಡಿಯ ಹತ್ತಿರ ಇಟ್ಟು ಒಳಗೆ ಹೋಗುತ್ತಿದ್ದರು.

ಆದರೆ ಪೂರ್ತಿ ಮೌನವೂ ಇರಲಿಲ್ಲ. ಮಹದೇವಮ್ಮನ ಬಳಿ ಒಂದು ಕೆಂದ ಹಸು ಇತ್ತು. ಮೈದುನನಿಗೆ ಮುಟ್ಟಬೇಕಾದ ಮಾತನ್ನೆಲ್ಲ ಅವರು ಅದಕ್ಕೆ ಹೇಳುತ್ತಿದ್ದರು. ಸಿದ್ದರಾಜು ಹಿತ್ತಲಿಗೆ ಬಂದನೆಂದು ಕಂಡರೆ ಸಾಕು, ಹಸುವಿನ ಬೆನ್ನು ತಟ್ಟುತ್ತ, ಕೊಪ್ಪರಿಗೆ ತಳ ಸೀದು ಹೋಗೋ ಹಂಗೆ ಉರಿ ಹಾಕೋರಿಗೆ ಬುದ್ಧಿ ಯಾವಾಗ ಬರುತ್ತದೋ ಎಂದು ಶುರುಮಾಡುತ್ತಿದ್ದರು. ಅವನು ಕೇಳಿಯೂ ಕೇಳದವನ ಹಾಗೆ ಸೌದೆ ಒಡೆಯುತ್ತಿದ್ದ. ನನಗೆ ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಹೊಟ್ಟೆಕಿಚ್ಚಾಯಿತು. ನನ್ನನ್ನು ಬೈಯಲು ಹಸುವನ್ನಾದರೂ ಹುಡುಕುವವರು ಯಾರೂ ಇರಲಿಲ್ಲವಲ್ಲ.

ಆ ವರ್ಷ ನನಗೆ ಬೇಕಾಗಿದ್ದದ್ದು ಒಂದೇ. ಸಿಂಹರಾಶಿಯ ಕಡೆ ಹತ್ತಿರ ಹತ್ತಿರ ಮೂರು ಗೆಲಾಕ್ಸಿಗಳಿವೆ. ಎರಡು ಓರೆಯಾಗಿ ಕಾಣುವ ಸುರುಳಿಗಳು. ಮೂರನೆಯದು ನಮಗೆ ಅಂಚು ತೋರಿಸಿಕೊಂಡು ಅಡ್ಡಲಾಗಿ ಮಲಗಿದೆ, ನಡುವಿಗೆ ಕಪ್ಪು ಪಟ್ಟಿ ಕಟ್ಟಿದ ಹಾಗೆ. ಎಂದೋ ಒಂದು ಕಾಲದಲ್ಲಿ ಈ ಮೂರನೆಯದು ಇನ್ನೊಂದರ ತೀರಾ ಹತ್ತಿರ ಹಾದುಹೋಯಿತಂತೆ. ಆ ಸೆಳೆತಕ್ಕೆ ಅದರ ಮೈಯಿಂದ ನಕ್ಷತ್ರಗಳ ಒಂದು ಉದ್ದನೆಯ ಬಾಲ ಹೊರಬಿತ್ತು. ದೂರವಾದ ಮೇಲೂ ಆ ಬಾಲ ಹಾಗೇ ಉಳಿದಿದೆ. ಮೂರು ಗೆಲಾಕ್ಸಿಗಳ ಪಟ ತೆಗೆಯುವುದು ಕಷ್ಟವಲ್ಲ. ಆ ಬಾಲ ಕಾಣಿಸುವುದು ಕಷ್ಟ. ಒಳ್ಳೆಯ ಕತ್ತಲೆಯಲ್ಲಿ ಮೂರು ಮೂರು ನಿಮಿಷದ ನೂರಾರು ಪಟ ತೆಗೆದು ಒಂದರ ಮೇಲೊಂದು ಕೂಡಿಸಿದರೆ ಕಂಡರೆ ಕಾಣಬಹುದು. ಬೇರೆಯಾದ ಮೇಲೆ ಏನು ಉಳಿಯುತ್ತದೆ ಎಂದು ಕಣ್ಣಾರೆ ನೋಡಬೇಕೆಂಬ ಹಟ ನನಗೆ ಹಿಡಿದಿತ್ತು. ಯಾಕೆ ಹಿಡಿದಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಟೆಲಿಸ್ಕೋಪಿನ ಅಕ್ಷವನ್ನು ಧ್ರುವನಕ್ಷತ್ರಕ್ಕೆ ನೇರ ಮಾಡದಿದ್ದರೆ ಪಟ ಎಳೆದುಹೋಗುತ್ತದೆ. ನಮ್ಮ ಕಡೆ ಧ್ರುವ ಬಹಳ ತಗ್ಗಿನಲ್ಲಿ, ಮರಗಿಡದ ಮರೆಯಲ್ಲಿರುತ್ತದೆ. ಆ ಹಿತ್ತಲಿನಲ್ಲಿ ಎರಡು ತೆಂಗಿನಮರಗಳ ಸಂದಿನಿಂದ ಅದು ಕಾಣುವ ಜಾಗ ಒಂದೇ ಒಂದಿತ್ತು, ಅದೂ ಸಿದ್ದರಾಜುವಿನ ಹಿತ್ತಲಿಗೆ ತಾಗಿದ ಮೂಲೆಯಲ್ಲಿ. ದಿನಾ ಹುಡುಕುವ ಗೋಜು ಯಾಕೆಂದು ಒಂದು ರಾತ್ರಿ ಸರಿಯಾಗಿ ನಿಲ್ಲಿಸಿ, ಸ್ಟ್ಯಾಂಡಿನ ಮೂರು ಕಾಲು ಊರಿದ ಕಡೆ ಸುಣ್ಣದಿಂದ ಮೂರು ಗುರುತು ಹಾಕಿದೆ.

ಸುಣ್ಣದ ಗುರುತು ಕಂಡರೆ ಹಳ್ಳಿಯವರ ಎದೆ ಧಸಕ್ಕೆನ್ನುತ್ತದೆ ಎಂದು ಹನ್ನೆರಡು ವರ್ಷ ಸರ್ವೆ ಮಾಡಿದ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಶಿವರಾತ್ರಿ ಅಮಾವಾಸ್ಯೆಯ ಸುತ್ತ ಆರು ರಾತ್ರಿ ಕೆಲಸ ಮಾಡಿದೆ. ಕೊಪ್ಪರಿಗೆ ಇನ್ನೂ ಹೊರಗೆ ಬಂದಿರಲಿಲ್ಲ, ಆಕಾಶ ಚೊಕ್ಕವಾಗಿತ್ತು. ದೂರದ ಹೊಲಗಳಲ್ಲಿ ಕಾಡುಹಂದಿಯಿಂದ ಬೆಳೆ ಕಾಯುವವರು ಡಬ್ಬ ಬಡಿಯುವ ಸದ್ದು, ಹತ್ತಿರದಲ್ಲಿ ಕ್ಯಾಮೆರಾ ಮೂರು ನಿಮಿಷಕ್ಕೊಮ್ಮೆ ಕ್ಲಿಕ್ಕೆನ್ನುವ ಸದ್ದು. ನಾನು ಶಾಲು ಹೊದ್ದು ಕಲ್ಲಿನ ಮೇಲೆ ಕೂತಿರುತ್ತಿದ್ದೆ. ನಿಜ ಹೇಳಬೇಕೆಂದರೆ ಅಷ್ಟು ಒಂಟಿತನ ನನಗೆ ಮತ್ತೆಂದೂ ಆಗಿಲ್ಲ. ಮೂರು ಕೋಟಿ ವರ್ಷಕ್ಕೂ ಮೊದಲು ಹೊರಟ ಬೆಳಕು ಬಂದು ಮುಟ್ಟುತ್ತಿದೆ, ಅರಸೀಕೆರೆಯಿಂದ ಒಂದು ಫೋನು ಮುಟ್ಟುವುದಿಲ್ಲ ಎಂದುಕೊಂಡು ಒಂದು ರಾತ್ರಿ ಸುಮ್ಮನೆ ಅತ್ತೆ.

ಮಹದೇವಮ್ಮ ಒಮ್ಮೆ ಎದ್ದು ಬಂದು ನೋಡಿದರು. ಕ್ಯಾಮೆರಾ ತೆಗೆದು ಕಣ್ಣಿಟ್ಟು ನೋಡುವ ಗಾಜು ಹಾಕಿಕೊಟ್ಟೆ. ಮೂರು ಮಸುಕು ಕಲೆ, ಅಷ್ಟೇ.

"ಇಷ್ಟಕ್ಕಾ ನೀನು ನಿದ್ದೆಗೆಡೋದು?" ಅಂದರು. ಹಿಂದೆ ಹತ್ತಿರ ಬಂದು ಆಮೇಲೆ ದೂರ ಹೋದ ಕತೆ ಹೇಳಿದೆ. ಅವರು ಮತ್ತೆ ಬಗ್ಗಿ ಗಾಜಿಗೆ ಕಣ್ಣಿಟ್ಟರು. "ಮಾತು ಬುಟ್ಟವಾ ಅಂಗಾರೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಸಿದ್ದರಾಜು ಗಡಿ ಗುರುತಿಸಿ ಕೊಡಿ ಎಂದು ನಮ್ಮ ಕಚೇರಿಗೆ ಅರ್ಜಿ ಹಾಕಿದ್ದ. ಅದರ ಕಡತ ನನ್ನ ಮೇಜಿಗೇ ಬಂದಿತ್ತು. ಬಾಡಿಗೆ ಮನೆಯ ವಿಷಯ ನಾನೇ ಸಾಹೇಬರಿಗೆ ತಿಳಿಸಬೇಕಿತ್ತು. ಅರಿಶಿನ ಎತ್ತಿದ ಮೇಲೆ ತಾನೆ ಅಳತೆ, ನೋಡೋಣ ಎಂದು ಮುಂದೂಡಿದ್ದೆ. ಅಷ್ಟರಲ್ಲಿ ಅವನು ನೋಡಿದ್ದು ಇಷ್ಟು: ಸರ್ವೆ ಮೇಡಂ ತನ್ನ ಅತ್ತಿಗೆಯ ಮನೆಯಲ್ಲಿದ್ದಾಳೆ. ರಾತ್ರಿ ಹೊತ್ತು ಮೂರು ಕಾಲಿನ ಸ್ಟ್ಯಾಂಡು ಊರಿ, ಹಣೆಗೆ ಕೆಂಪು ದೀಪ ಕಟ್ಟಿಕೊಂಡು ಏನೋ ನೋಡುತ್ತಾಳೆ. ಬೆಳಗಾದರೆ ತಕರಾರಿನ ಜಾಗದಲ್ಲೇ ಸುಣ್ಣದ ಗುರುತು. ಅವನು ನೇರ ಕಚೇರಿಗೆ ಹೋಗಿ, ಮೇಡಂ ಅತ್ತಿಗೆಯ ಪರವಾಗಿ ಕಳ್ಳ ಅಳತೆ ಮಾಡುತ್ತಿದ್ದಾರೆಂದು ಬರೆದುಕೊಟ್ಟ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಸಾಹೇಬರು ಇಬ್ಬರನ್ನೂ ಕರೆಸಿದರು. ನಾನು ಲ್ಯಾಪ್‌ಟಾಪು ತೆರೆದು ಅದುವರೆಗಿನ ಪಟ ತೋರಿಸಿದೆ. ಕಪ್ಪು ಹಿನ್ನೆಲೆ, ಮೂರು ಬೆಳ್ಳನೆಯ ಕಲೆ, ಸುತ್ತ ಚುಕ್ಕಿಗಳು. ಬಾಲ ಇನ್ನೂ ಕಾಣುತ್ತಿರಲಿಲ್ಲ. ಸಿದ್ದರಾಜು ಟವೆಲಿನಿಂದ ಮುಖ ಒರೆಸಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದ. ಒಂದೊಂದು ಚುಕ್ಕಿಯ ಮೇಲೂ ಬೆರಳಾಡಿಸಿದ.

"ಇವೆಲ್ಲ ಗಡಿ ಕಲ್ಲುಗಳಾ?" ಅಂದ. "ಇದು ಯಾವ ಸರ್ವೆ ನಂಬ್ರು ಸ್ವಾಮಿ?"

ಕಚೇರಿಗೆ ಕಚೇರಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಎಷ್ಟೋ ತಿಂಗಳಾದ ಮೇಲೆ ನಾಲ್ಕು ಜನರ ಜೊತೆ ಸೇರಿ ನಗುವುದು ಸಿಕ್ಕಿತ್ತು, ಅದನ್ನು ಬಿಡಲು ಮನಸ್ಸಾಗಲಿಲ್ಲ. ಯಾರನ್ನು ನೋಡಿ ನಗುತ್ತಿದ್ದೇನೆ ಎಂಬುದು ಆ ಗಳಿಗೆಯಲ್ಲಿ ಮರೆತೇಹೋಯಿತು. ಸಿದ್ದರಾಜು ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಸಾಹೇಬರು ಆ ಕಡತವನ್ನು ಇನ್ನೊಬ್ಬ ಸರ್ವೆಯರಿಗೆ ಕೊಟ್ಟರು. ಸರಿಯಾಗಿಯೇ ಮಾಡಿದರು.

ಊರಿಗೆ ಬಂದರೆ ಊರು ಬದಲಾಗಿತ್ತು. ಬೆಳಗ್ಗೆ ಚೆಂಡುಹೂವಿನ ಹೊಲಕ್ಕೆ ಹೋಗುವ ಹೆಂಗಸರು ನನ್ನ ಕಿಟಕಿಯ ಮುಂದೆ ಮಾತು ನಿಲ್ಲಿಸಿ ದಾಟುತ್ತಿದ್ದರು. ಸಿಟ್ಟು ಬಂದು ಒಂದು ಕೊಡ ನೀರು ತಂದು ಸುಣ್ಣದ ಗುರುತು ತೊಳೆಯಲು ನಿಂತೆ. ಮಹದೇವಮ್ಮ ಕೊಡ ಕಿತ್ತುಕೊಂಡರು.

"ಅಳುಸ್ಬ್ಯಾಡ ಕಣವ್ವ. ಅಳ್ಸುದ್ರೆ ತೆಪ್ಪು ಮಾಡ್ದಂಗಾಯ್ತದೆ."

ಯುಗಾದಿಗೆ ಮೊದಲಿನ ಕತ್ತಲ ಪಕ್ಷ ಬಂತು. ಅಷ್ಟರಲ್ಲಿ ಅರಿಶಿನ ಬೇಯಿಸುವ ಕೆಲಸ ಶುರುವಾಗಿತ್ತು. ಹಗಲಿನ ಬಿಸಿಲಲ್ಲಿ ಒಲೆಯ ಮುಂದೆ ನಿಲ್ಲಲಾಗದೆಂದು ರಾತ್ರಿಯೇ ಬೇಯಿಸುತ್ತಿದ್ದರು. ಆ ವಾರ ಕೊಪ್ಪರಿಗೆಯ ಸರದಿ ಸಿದ್ದರಾಜುವಿನದು. ನನ್ನ ಮೂರು ಗುರುತಿನಿಂದ ಇಪ್ಪತ್ತು ಹೆಜ್ಜೆಯಾಚೆ ಅವನ ಒಲೆ. ಕೆಂಪಗೆ ಉರಿಯುವ ಬೆಂಕಿ, ತೆಂಗಿನ ಗರಿಯವರೆಗೆ ಏಳುವ ಹೊಗೆ, ಕನ್ನಡಿಯ ಮೇಲೆ ಬಂದು ಕೂರುವ ಹಬೆ. ಬೇಕೆಂದೇ ಮಾಡುತ್ತಿದ್ದಾನೆಂದು ಮೊದಲು ಅನ್ನಿಸಿತು. ಅಗೆದ ಅರಿಶಿನವನ್ನು ಬೇಯಿಸದೆ ಅವನು ಇನ್ನೇನು ಮಾಡಬೇಕು ಎಂದೂ ಅನ್ನಿಸಿತು. ಅವನ ಒಲೆಯ ಹತ್ತಿರ ಹೋಗಿ, ಅವತ್ತು ನಕ್ಕದ್ದು ತಪ್ಪಾಯಿತು ಎಂದು ಹೇಳಿದ್ದರೆ ಆಗುತ್ತಿತ್ತು. ದಿನಾ ಹೇಳಬೇಕೆಂದುಕೊಂಡು ದಿನಾ ಟೆಲಿಸ್ಕೋಪಿಗೆ ಮುಸುಕು ಹಾಕಿ ಒಳಗೆ ಹೋದೆ. ಆರು ರಾತ್ರಿ ಹಾಗೇ ಹೋದವು. ಇನ್ನು ಉಳಿದದ್ದು ಅಮಾವಾಸ್ಯೆಯ ರಾತ್ರಿ ಒಂದು. ಅದು ತಪ್ಪಿದರೆ ಆ ವರ್ಷಕ್ಕೆ ಮುಗಿದಂತೆ. ನನಗೆ ವರ್ಗಾವಣೆಯ ಸುದ್ದಿಯೂ ಬಂದಿತ್ತು.

ಅಮಾವಾಸ್ಯೆಯ ಸಂಜೆ ಆಸೆಯಿಲ್ಲದೆ ಹಿತ್ತಲಿಗೆ ಹೋದೆ. ಕೊಪ್ಪರಿಗೆಯ ತುಂಬ ಅರಿಶಿನ ತುಂಬಿತ್ತು, ಒಲೆಗೆ ಸೌದೆ ಒಟ್ಟಿತ್ತು. ಬೆಂಕಿ ಮಾತ್ರ ಇರಲಿಲ್ಲ. ಎಂಟು ಗಂಟೆಯಾದರೂ ಹಚ್ಚಲಿಲ್ಲ. ಹಬ್ಬದ ಹಿಂದಿನ ದಿನ ಆಳುಗಳು ಬಂದಿರಲಾರರು ಎಂದುಕೊಂಡೆ. ಅದೃಷ್ಟ ಎಂದುಕೊಂಡೆ. ಮೂರು ಗುರುತಿನ ಮೇಲೆ ಮೂರು ಕಾಲು ಊರಿ ಬೆಳಗಿನ ಜಾವ ಮೂರರವರೆಗೆ ಪಟ ತೆಗೆದೆ.

ಯುಗಾದಿಯ ದಿನ ಎಲ್ಲ ಪಟಗಳನ್ನೂ ಕೂಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಮೂರನೆಯ ಗೆಲಾಕ್ಸಿಯ ತುದಿಯಿಂದ ಮಸುಕಾಗಿ, ನೆಟ್ಟಗೆ, ಬಲು ಉದ್ದಕ್ಕೆ ಆ ಬಾಲ ಮೂಡಿತು. ಓಡಿಹೋಗಿ ಮಹದೇವಮ್ಮನಿಗೆ ತೋರಿಸಿದೆ. ಅವರು ಒಬ್ಬಟ್ಟು ತಟ್ಟುತ್ತಿದ್ದರು. "ನೂಲಿನಂಗದೆ ಕಣವ್ವ" ಅಂದು ಹಂಚಿನ ಕಡೆ ತಿರುಗಿದರು. ಇಬ್ಬರು ಅಣ್ಣಂದಿರಿಗೂ ಪಟ ಕಳಿಸಿದೆ. ಇಬ್ಬರೂ ನೋಡಿದರು. ಸ್ವಲ್ಪ ಹೊತ್ತಿಗೆ ಒಬ್ಬರಾದ ಮೇಲೊಬ್ಬರು, ಯಾರೋ ಮಾಡಿದ್ದ ಮಾವಿನ ತೋರಣದ ಯುಗಾದಿ ಶುಭಾಶಯವನ್ನು ನನಗೆ ದಾಟಿಸಿದರು.

ಹಬ್ಬದ ಮರುದಿನ ಸಂಜೆ ಚಂದ್ರದರ್ಶನ. ಇಡೀ ಊರು ಬೀದಿಗೆ ಬಂದು ಪಡುವಣದ ಕಡೆ ಮುಖ ಮಾಡಿ ನಿಂತಿತ್ತು. ವರ್ಷದಲ್ಲಿ ಒಂದು ದಿನವಾದರೂ ಇವರು ನನ್ನ ಹಾಗೆ ಆಕಾಶ ನೋಡುತ್ತಾರಲ್ಲ ಎನ್ನಿಸಿತು. ಗೆರೆಯಂಥ ಚಂದ್ರ ಕಂಡ ಕೂಡಲೇ ಎಲ್ಲರೂ ಕೈಮುಗಿದರು, ಕಿರಿಯರು ಹಿರಿಯರ ಕಾಲಿಗೆ ಬಗ್ಗಿದರು. ಮಹದೇವಮ್ಮ ತಮ್ಮ ಬಾಗಿಲಲ್ಲಿ, ಸಿದ್ದರಾಜು ತನ್ನ ಬಾಗಿಲಲ್ಲಿ ನಿಂತು ಕೈಮುಗಿದರು. ಅವನು ಈಚೆ ಒಂದು ಸಲ ನೋಡಿ ಒಳಗೆ ಹೋದ. ನಾನು ಯಾರ ಕಾಲಿಗೆ ಬೀಳುವುದೆಂದು ತಿಳಿಯದೆ ಬಾಗಿಲು ಹಾಕಿಕೊಂಡೆ. ಪಕ್ಕದಲ್ಲೇ ಮಹದೇವಮ್ಮ ನಿಂತಿದ್ದರಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಹೊಳೆಯಲಿಲ್ಲ. ಮೇ ತಿಂಗಳಲ್ಲಿ ಊರು ಬಿಟ್ಟೆ. ಆ ಊರಲ್ಲಿ ನನ್ನದೆನ್ನುವುದು ಏನೂ ಇರಲಿಲ್ಲ ಎಂದೇ ಇಷ್ಟು ವರ್ಷ ನಂಬಿದ್ದೆ.

ಈ ಸಲ ಬಸ್ಸಿಳಿದು ನಡೆದುಹೋದರೆ ಮಹದೇವಮ್ಮನ ಮನೆಗೆ ಬೀಗ. ಪಕ್ಕದ ಹಿತ್ತಲಿನಲ್ಲಿ ಸಿದ್ದರಾಜು ಹೊಸ ಅರಿಶಿನವನ್ನು ಕೊಪ್ಪರಿಗೆಗೆ ತುಂಬುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದು ಕೈ ಒರೆಸಿಕೊಂಡ. ಅತ್ತಿಗೆಯ ಮಂಡಿ ಕೈಕೊಟ್ಟಿತೆಂದೂ, ದೀಪಾವಳಿಯ ಹೊತ್ತಿಗೆ ಮಗಳು ಬಂದು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದಳೆಂದೂ ಹೇಳಿದ. ಇನ್ನೊಬ್ಬ ಸರ್ವೆಯರ್ ಬಂದು ಅಳೆದಾಗ ಗಡಿ ಮೊದಲು ಎಲ್ಲಿತ್ತೋ ಅಲ್ಲೇ ಬಂತಂತೆ. ಹಾಗಾದರೆ ಈಗ ಮಾತಾಡುತ್ತೀರಾ ಎಂದೆ. ಇಲ್ಲ ಎಂದು ತಲೆಯಾಡಿಸಿದ. ಕೆಂದ ಹಸು ಅವನ ಕೊಟ್ಟಿಗೆಯಲ್ಲಿ ಕಟ್ಟಿತ್ತು.

ಒಂದು ಗಳಿಗೆ ಹಿತ್ತಲು ನೋಡುತ್ತೇನೆಂದು ಆ ಕಡೆ ಹೋದೆ. ಎರಡು ತೆಂಗಿನಮರದ ನೇರಕ್ಕೆ, ಮೂಲೆಯಲ್ಲಿ, ಮೂರು ಗುರುತು. ಮಾಸಿರಲಿಲ್ಲ. ಹೊಸ ಸುಣ್ಣ, ಬೆಳ್ಳಗೆ.

ಯಾರು ಹಾಕಿದ್ದು ಎಂದು ಕೇಳಿದೆ. ನನ್ನ ಹಿಂದೆಯೇ ಬಂದಿದ್ದ ಸಿದ್ದರಾಜು ನೆಲ ನೋಡುತ್ತ ನಿಂತ.

"ಅತ್ತಿಗೆ ಇರಗಂಟ ಅವ್ರೇ ಆಕೋರು, ಯುಗಾದಿಗೆ ಮನೆಗ್ ಸುಣ್ಣ ಬಳಿವಾಗ. ಮೇಡಮ್ಮ ಬಂದ್ರೆ ಜಾಗ ತೆಪ್ಪೋಯ್ತದೆ ಅಂತ ಹಸೀನ್ ಕೂಡೆ ಯೋಳೋರು. ಈ ಸಲ ಅವ್ರಿಲ್ವಲ್ಲ. ಸುಣ್ಣ ಮಿಕ್ಕಿತ್ತು, ಬಳ್ದುಬುಟ್ಟೆ."

ಐದು ವರ್ಷ ಹೊತ್ತುಕೊಂಡಿದ್ದ ಮಾತನ್ನು ಹೇಗೋ ಹೇಳಿದೆ: ಅವತ್ತು ಕಚೇರಿಯಲ್ಲಿ ನಾನು ನಗಬಾರದಿತ್ತು. ಬುಡಿ ಮೇಡಮ್ಮೋರೆ, ಅದ್ಯಾಕೆ ಈಗ ಎಂದ. ಆಮೇಲೆ, ಅಮಾಸೆ ರಾತ್ರಿ ಪಟ ಸರಿಯಾಗಿ ಬಂದಿತ್ತಾ ಎಂದು ಅವನೇ ಕೇಳಿದ. ಬಂದಿತ್ತು ಎಂದೆ. ನಿಮ್ಮ ಆಳುಗಳು ಬಾರದೆ ಹೋದದ್ದು ನನ್ನ ಅದೃಷ್ಟ ಎಂದೆ.

"ಆಳು ಬಂದಿದ್ರು. ನಾನೇ ವಾಪಸ್ ಕಳಿಸ್ದೆ. ಅವತ್ತು ಸಂಜೆ ಅತ್ತಿಗೆ ಹಸೀನ್ ತಕ್ಕ ಬಂದು, ಇವತ್ತೊಂದಿನ ಬೆಂಕಿ ಆಕ್ದಿದ್ರೆ ಆ ಒಂಟಿ ಹೆಣ್ಣು ಏನೋ ಪಟ ತಕ್ಕತದೆ ಅಂದ್ರು. ನಾಕು ವರ್ಸ ಹಸೀನ್ ಕೂಡೆ ನನ್ ಬೈದೇ ಬೈದ್ರು ಮೇಡಮ್ಮೋರೆ. ಅವತ್ತೊಂದಿನ ಕೇಳ್ಕಂಡ್ರು. ಇಲ್ಲ ಅನ್ನಕಾದದಾ?"

ಕಣ್ಣು ತುಂಬಿ ಬಂತು. ಅವನಿಗೆ ಕಾಣದಿರಲೆಂದು ನೆಲಕ್ಕೆ ಬಗ್ಗಿ ಕೂತು, ಕೈಗೇನಾದರೂ ಕೆಲಸ ಬೇಕಾಗಿ, ಚೀಲದಿಂದ ಟೇಪು ತೆಗೆದು ಗುರುತಿನಿಂದ ಗುರುತಿಗೆ ಹಿಡಿದೆ. ನನ್ನ ಸ್ಟ್ಯಾಂಡಿನ ಕಾಲುಗಳ ಅಳತೆ ನನಗೆ ಬಾಯಿಪಾಠ. ಮಳೆ ತೊಳೆದು, ದನ ತುಳಿದು, ಪ್ರತಿ ಯುಗಾದಿಗೂ ಹೊಸದಾಗಿ ಬಳಿದ ಗುರುತುಗಳು. ಒಂದು ಬೆರಳಿನಷ್ಟೂ ಆಚೀಚೆ ಆಗಿರಲಿಲ್ಲ.